ಹನಿಯನ್ನೂ ಕೇಳಿದ ಗಿರಾಕಿ

ಯಾರನ್ನು ನೋಡಿದರೂ ಅವರ ಹಾಗೆಯೇ ನಡೆದು, ಮಾತಾಡಿ ತೋರಿಸುವ ಖಯಾಲಿ ವೇದಾಗೆ ಚಿಕ್ಕಂದಿನಿಂದಲೂ ಇತ್ತು. ಧಾರವಾಡದಲ್ಲಿದ್ದಾಗ ನೆರೆಮನೆಯ ಅಜ್ಜಿ ಎಲೆಅಡಿಕೆ ಕುಟ್ಟುತ್ತ ಸೊಸೆಯನ್ನು ಬೈಯುವುದನ್ನು ಮಾಡಿ ತೋರಿಸಿ, ಆ ಅಜ್ಜಿಯ ಕೈಯಿಂದಲೇ ಶೇಂಗಾ ಉಂಡಿ ಗಿಟ್ಟಿಸಿಕೊಂಡವಳು. ಮದುವೆಯಾಗಿ, ಗಂಡ ಲಿಂಗರಾಜನ ವಿಮಾ ಕಚೇರಿಯ ನೌಕರಿಯ ಬೆನ್ನು ಹತ್ತಿ ವಡೋದರಾದ ಮಂಜಲ್‌ಪುರಕ್ಕೆ ಬಂದಮೇಲೆ ಈ ಆಟ ನೋಡುವವರು ಇಬ್ಬರೇ ಉಳಿದರು: ಗಂಡ ಮತ್ತು ಮಗಳು ಸಂಹಿತಾ.

ತೊಂಬತ್ತಾರರ ಮಳೆಗಾಲದಲ್ಲಿ ಮೂರನೆಯವಳೊಬ್ಬಳು ಸೇರಿಕೊಂಡಳು. ಮಹಡಿಯ ಕೋಣೆಗೆ ಬಾಡಿಗೆಗೆ ಬಂದಿದ್ದ ಕೃಪಾ, ಚಿತ್ರಕಲೆ ಕಲಿಯುತ್ತಿದ್ದ ಹುಡುಗಿ. ಕನ್ನಡದವಳೇ, ಆದರೆ ಸೂರತ್ತಿನಲ್ಲಿ ಹುಟ್ಟಿ ಬೆಳೆದವಳು. ವೇದಾ ತರಕಾರಿಯವಳ ಜಗಳವನ್ನು ಮಾಡಿ ತೋರಿಸುತ್ತಿದ್ದಾಗ ಮೆಟ್ಟಿಲ ಮೇಲೆ ನಿಂತು ನೋಡಿದ ಆಕೆ ಹೇಳಿದಳು: "ಆಂಟಿ, ನಾವು ಒಂದು ಪಿಕ್ಚರ್ ಬನಾಯಿಸ್ತಾ ಇದೀವಿ. ಅದರಲ್ಲಿ ನೀವು ಬೇಕೇ ಬೇಕು."

ಅದು ಕಲೆಯ ಲೋಕವನ್ನು ಗೇಲಿ ಮಾಡುವ ಅರ್ಧ ಗಂಟೆಯ ಸಿನಿಮಾ. ಕತೆ ಇಷ್ಟೇ: ಒಂದು ಗ್ಯಾಲರಿಯ ಸೂರು ಸೋರುತ್ತಿರುತ್ತದೆ. ಕಸ ಗುಡಿಸುವವನು ಹನಿ ಬೀಳುವಲ್ಲಿ ಒಂದು ಬಕೆಟ್ ಇಟ್ಟು ಹೋಗುತ್ತಾನೆ. ಪ್ರದರ್ಶನಕ್ಕೆ ಬಂದ ದೊಡ್ಡವರೆಲ್ಲ ಅದೇ ಅಲ್ಲಿನ ಶ್ರೇಷ್ಠ ಕೃತಿಯೆಂದು ಸುತ್ತ ನೆರೆಯುತ್ತಾರೆ. ಒಬ್ಬ ಶ್ರೀಮಂತ ಹೆಂಗಸು ಅದನ್ನು ಕೊಂಡೇಬಿಡುತ್ತಾಳೆ. ಮನೆಗೆ ಒಯ್ದರೆ ಹನಿ ಬೀಳುವುದಿಲ್ಲ. ಆಕೆ ಮರಳಿ ಬಂದು, "ನಾನು ಹನಿ ಸಮೇತ ಕೊಂಡಿದ್ದು, ಸೂರೂ ಕೊಡಿ" ಎಂದು ಹಟ ಹಿಡಿಯುತ್ತಾಳೆ.

ಆ ಹೆಂಗಸೇ ವೇದಾಳ ಪಾತ್ರ. ಆದರೆ ಚಿತ್ರ ಕೊಳ್ಳುವವರು ಹೇಗಿರುತ್ತಾರೆಂಬುದು ಆಕೆಗೇನು ಗೊತ್ತು? ಅಂಥವರಲ್ಲಿ ಆಕೆ ಕಂಡಿದ್ದು ಒಬ್ಬರನ್ನೇ, ಗಂಡನ ಮೇಲಧಿಕಾರಿ ಸತ್ಯಪ್ರಕಾಶರ ಹೆಂಡತಿ ಪದ್ಮಾ ಅವರನ್ನು. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿರುವ ಅವರ ಫ್ಲ್ಯಾಟಿಗೆ ಒಮ್ಮೆ ಊಟಕ್ಕೆ ಹೋಗಿದ್ದಾಗ, ಆ ಮೈಸೂರಿನ ಹೆಂಗಸು ಗೋಡೆ ತುಂಬ ತೂಗುಹಾಕಿದ್ದ ಚಿತ್ರಗಳನ್ನು ತೋರಿಸಿದ್ದರು. ಪ್ರತಿಯೊಂದರ ಮುಂದೆಯೂ ಕನ್ನಡಕವನ್ನು ತಲೆಯ ಮೇಲಕ್ಕೇರಿಸಿ, ಕತ್ತು ಓರೆ ಮಾಡಿ, ಕಣ್ಣು ಮುಚ್ಚಿ, "ಇಲ್ಲಿ ಮೌನ ಮಾತಾಡುತ್ತೆ" ಅನ್ನುತ್ತಿದ್ದರು. ಕ್ಯಾಮೆರಾ ಶುರುವಾದದ್ದೇ ವೇದಾಳ ಕನ್ನಡಕ ತಾನಾಗಿ ತಲೆಗೇರಿತು. ಬಕೆಟ್ಟಿನ ಮುಂದೆ ಕಣ್ಣು ಮುಚ್ಚಿ ಹಿಂದಿಯಲ್ಲಿ ಅದೇ ಮಾತು ಹೇಳಿದಳು. ಕ್ಯಾಮೆರಾ ಹಿಡಿದವನು ನಕ್ಕು ನಕ್ಕು ದೃಶ್ಯವನ್ನೇ ಕೆಡಿಸಿದ. ಅಹಮದಾಬಾದಿನವರು ಇದನ್ನು ಎಲ್ಲಿ ನೋಡುತ್ತಾರೆ ಎಂದು ಆಕೆ ನಿಶ್ಚಿಂತಳಾಗಿದ್ದಳು.

ಸಿನಿಮಾ ತೋರಿಸುವ ಸಂಜೆ ಸಣ್ಣ ಸಭಾಂಗಣ ತುಂಬಿತ್ತು. ಲಿಂಗರಾಜ ಕುಳಿತವನು ಫಕ್ಕನೆ ಎದ್ದು ನಿಂತ. ಸತ್ಯಪ್ರಕಾಶ ಮತ್ತು ಪದ್ಮಾ ಒಳಗೆ ಬರುತ್ತಿದ್ದರು. ಚಿತ್ರ ಕೊಳ್ಳುವವರನ್ನೆಲ್ಲ ಕೃಪಾಳ ಗೆಳೆಯರು ಹುಡುಕಿ ಹುಡುಕಿ ಕರೆದಿದ್ದರು.

ಲಿಂಗರಾಜನನ್ನು ಸೂರತ್ತಿಗೆ ವರ್ಗ ಮಾಡುವ ಮಾತು ನಡೆದಿತ್ತು. ಸಂಹಿತಾ ಹತ್ತನೆಯ ತರಗತಿ, ಪರೀಕ್ಷೆ ಮುಗಿಯುವವರೆಗೆ ಇಲ್ಲೇ ಬಿಡಿ ಎಂದು ಅವನು ಕೇಳಿಕೊಂಡಿದ್ದು ಇದೇ ಸತ್ಯಪ್ರಕಾಶರನ್ನು.

ದೀಪ ಆರಿತು. ತೆರೆಯ ಮೇಲೆ ವೇದಾಳ ಕನ್ನಡಕ ತಲೆಗೇರಿದ್ದೇ ತಡ, ಲಿಂಗರಾಜ ಅವಳ ಕಿವಿಯಲ್ಲಿ ಉಸುರಿದ: "ಏ, ಇದು ಮೇಡಮ್ಮೋರ ಅಲ್ಲೇನ?"

"ಸುಮ್ನಿರ್ರಿ."

"ಗಂಟುಮೂಟಿ ಕಟ್ಟು. ನಾಳೆನ ಸೂರತ್ತು."

ಸಭೆಯೆಲ್ಲ ಬಿದ್ದು ಬಿದ್ದು ನಗುತ್ತಿತ್ತು. ವೇದಾ ಮಾತ್ರ ಮುಂದಿನ ಸಾಲಿನ ಒಂದು ತುರುಬನ್ನೇ ನೋಡುತ್ತಿದ್ದಳು. ಅದು ಅಲುಗಲಿಲ್ಲ. ಪಕ್ಕದಲ್ಲಿ ಸತ್ಯಪ್ರಕಾಶರ ಹೆಗಲು ಮಾತ್ರ ಗಡಗಡ ಕುಣಿಯುತ್ತಿತ್ತು. ಅವರು ಸೀತಿದ್ದೋ ಕೆಮ್ಮಿದ್ದೋ ಆಕೆಗೆ ತಿಳಿಯಲಿಲ್ಲ.

ದೀಪ ಹತ್ತಿದಾಗ ಪದ್ಮಾ ನೇರವಾಗಿ ಬಂದರು.

"ವೇದಾ, ಆ ಹೆಂಗಸು ನಾನೇ ಅಲ್ವಾ?"

ಸುಳ್ಳು ಹೇಳಲು ವೇದಾಗೆ ನಾಲಿಗೆ ಹೊರಳಲಿಲ್ಲ. "ತಪ್ಪಾತ್ರಿ ಅಕ್ಕಾರ. ಇಂಥಾವ್ರು ನನಗ ಬ್ಯಾರೆ ಯಾರೂ ಗೊತ್ತಿರಲಿಲ್ರಿ. ನಿಮ್ಮನ್ನ ಆಡ್ಕೋಬೇಕಂತ ಮಾಡಿದ್ದಲ್ಲರಿ."

ಪದ್ಮಾ ಒಂದು ಕ್ಷಣ ಆಕೆಯ ಮುಖ ನೋಡಿದರು. ಆಮೇಲೆ ಸೆರಗು ಬಾಯಿಗೊತ್ತಿಕೊಂಡು ನಗತೊಡಗಿದರು. ಅಷ್ಟು ಹೊತ್ತು ತಡೆದಿಟ್ಟಿದ್ದ ನಗು, ಕಣ್ಣಲ್ಲಿ ನೀರೇ ಬಂತು.

"ಅಯ್ಯೋ, ಕತ್ತು ಕೂಡ ಹಾಗೇ ಓರೆ! ನಿಜ ಹೇಳ್ತೀನಿ ಕೇಳಿ. ಮೌನ ಗೀನ ಎಲ್ಲ ಮಾರಿದವನು ಹೇಳಿಕೊಟ್ಟ ಮಾತು. ಮನೆಗೆ ಬಂದೋರು ಏನಿದು ಅಂತ ಕೇಳಿದ್ರೆ ಏನಾದ್ರೂ ಹೇಳ್ಬೇಕಲ್ಲ? ನಮ್ಮನೇಲಿ ಆ ದೊಡ್ಡ ಕಪ್ಪು ಚಿತ್ರ ಇದೆಯಲ್ಲ, ನನಗೆ ಅದು ಸೀದುಹೋದ ಒಗ್ಗರಣೆ ಥರಾನೇ ಕಾಣೋದು. ಯಾರಿಗೂ ಹೇಳೋ ಹಾಗಿರಲಿಲ್ಲ."

"ನನಗ ಹಂಚಿನ ತಳ ಕಂಡಂಗ ಆಗಿತ್ರಿ" ಎಂದುಬಿಟ್ಟಳು ವೇದಾ. ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಪದ್ಮಾ ಆಕೆಯ ತೋಳು ಹಿಡಿದು ಮತ್ತಷ್ಟು ನಕ್ಕರು.

ಅಷ್ಟರಲ್ಲಿ ಸತ್ಯಪ್ರಕಾಶರು ಕಣ್ಣೊರೆಸಿಕೊಳ್ಳುತ್ತ ಲಿಂಗರಾಜನ ಬಳಿ ಬಂದರು. "ಲಿಂಗರಾಜ್, ಹೇಳೋದೇ ಮರೆತಿದ್ದೆ. ಮಗಳ ಪರೀಕ್ಷೆ ಮುಗಿಯೋವರೆಗೂ ನೀವಿಲ್ಲೇ ಇರಿ. ಹೋದ ವಾರವೇ ಒಪ್ಪಿದ್ದೀನಿ."

ಲಿಂಗರಾಜ ಬೆಪ್ಪಾಗಿ ಹೆಂಡತಿಯ ಮುಖ ನೋಡಿದ. ಅರ್ಧ ಗಂಟೆ ಇಬ್ಬರೂ ಬೆವರಿದ್ದು ಸುಮ್ಮನೆ! ವೇದಾ ಪಕ್ಕದ ಕುರ್ಚಿಯಲ್ಲಿ ಕುಳಿತುಬಿಟ್ಟಳು. ಸಂಹಿತಾ ಓಡಿ ಬಂದು, "ಮಮ್ಮಿ, ಏನಾತು?" ಎಂದಾಗ, "ಏನಿಲ್ಲವ್ವ, ಹಸಿವ್ಯಾಗೇದ" ಎಂದಳು. ನಿಜವಾಗಿಯೂ ಹಸಿವಾಗಿತ್ತು. ತೆರೆಯ ಮೇಲೆ ತನ್ನನ್ನೇ ನೋಡುವ ಗಾಬರಿಯಲ್ಲಿ ಮಧ್ಯಾಹ್ನದಿಂದ ಏನೂ ಬೇಡವೆನ್ನುತ್ತಿದ್ದ ಹೊಟ್ಟೆ ಈಗ ಒಮ್ಮೆಲೇ ಕೇಳುತ್ತಿತ್ತು.

ಎಲ್ಲರೂ ಕೂಡಿ ಬೀದಿಬದಿಯ ಗಾಡಿಯ ಮುಂದೆ ನಿಂತು, ಬಟಾಣಿಯ ಖಾರದ ರಸಕ್ಕೆ ಸೇವು ಉದುರಿಸಿದ ಸೇವ್ ಉಸಲ್ ತಿಂದರು. ಖಾರಕ್ಕೆ ಪದ್ಮಾರ ಮೂಗು ಸುರಿಯತೊಡಗಿತು. "ಇನ್ನೊಂದ್ ಸ್ವಲ್ಪ ರಸ ಹಾಕಪ್ಪ" ಎಂದು ಗಾಡಿಯವನಿಗೆ ಕನ್ನಡದಲ್ಲೇ ಹೇಳಿ ತಟ್ಟೆ ಚಾಚಿದರು. ಅವನಿಗೆ ಅರ್ಥವೂ ಆಯಿತು.