ಕೆಂಪಿಯ ಪಾಲಿಗೆ ಹೋದ ಇಂಜೆಕ್ಷನ್

ಬೆಳಿಗ್ಗೆ ಕೊತ್ತಂಬರಿ ಸೊಪ್ಪು ಹುಡುಕಲು ಫ್ರಿಜ್ ತೆಗೆದವಳು ನನ್ನಷ್ಟಕ್ಕೆ ನಾನೇ ನಗುತ್ತಾ ನಿಂತುಬಿಟ್ಟೆ. ದೋಸೆ ಹಿಟ್ಟಿನ ಡಬ್ಬದ ಹಿಂದೆ, ಹುಣಸೆಹಣ್ಣಿನ ಪೊಟ್ಟಣದ ಕೆಳಗೆ, ಕಳ್ಳಮಾಲಿನ ಹಾಗೆ ಒಂದು ಬಿಳಿ ಪೆಟ್ಟಿಗೆ ಕೂತಿತ್ತು. ಅಲ್ಲಿಟ್ಟವಳು ನಾನೇ. ಮಗಳು, ಅಳಿಯ ನಮ್ಮಲ್ಲೇ ಇದ್ದುಕೊಂಡು ಐವಿಎಫ್‌ಗೆ ತಯಾರಾಗುತ್ತಿದ್ದಾರೆ, ಅದರ ಇಂಜೆಕ್ಷನ್‌ಗಳು. ಇದರಲ್ಲಿ ಮುಚ್ಚಿಡೋದೇನಿದೆ ಅಂತ ಊರಿಗೆಲ್ಲ ಭಾಷಣ ಮಾಡುವವಳು ನಾನು. ಆದರೆ ಇವತ್ತು ಮಧ್ಯಾಹ್ನ ಊಟಕ್ಕೆ ವನಜ ಚಿಕ್ಕಮ್ಮ ಬರುತ್ತಾಳೆ. ಅವಳ ಕಣ್ಣಿಗೆ ಇದು ಬೀಳುವುದು ಬೇಡ ಅಂತ ರಾತ್ರಿಯೇ ಬಚ್ಚಿಟ್ಟಿದ್ದೆ.

ನನ್ನದು ಏನೂ ಅಲ್ಲ ಬಿಡಿ. ಎಂಬತ್ತರ ದಶಕದಲ್ಲಿ ಇದೇ ಚಿಕ್ಕಮ್ಮನ ಕಣ್ಣಿಗೆ ಬೀಳಬಾರದೆಂದು ಒಬ್ಬರು ಇಡೀ ಹಸುವನ್ನೇ ಬಚ್ಚಿಟ್ಟಿದ್ದರು.

ಆಗ ನಾನು ಗುಬ್ಬಿಯಿಂದ ಬಂದು ತುಮಕೂರಿನ ಬಟವಾಡಿಯಲ್ಲಿ, ಚಿಕ್ಕಮ್ಮನ ಬಾಡಿಗೆ ಮನೆಯಲ್ಲಿದ್ದುಕೊಂಡು ಪಿಯುಸಿ ಓದುತ್ತಿದ್ದೆ. ಓದುತ್ತಿದ್ದೆ ಅನ್ನೋದು ಅಪ್ಪನಿಗೆ ಹೇಳುತ್ತಿದ್ದ ಮಾತು. ಚಿಕ್ಕಪ್ಪ ರೇಣುಕಪ್ಪನವರಿಗೆ ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕೆಲಸ. ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಿರಲಿಲ್ಲ. ನಾಮಕರಣಕ್ಕೆ ಕರೆದವರು ಚಿಕ್ಕಮ್ಮನನ್ನು ಬಹಳ ಮರ್ಯಾದೆಯಿಂದ ಅಡುಗೆಮನೆಗೆ ಕಳಿಸಿ ಕೈಗೆ ಕಾಯಿ ತುರಿಯುವ ಮಣೆ ಕೊಡುತ್ತಿದ್ದರು. ತೊಟ್ಟಿಲ ಹತ್ತಿರ ಅವಳು ಸುಳಿಯಬಾರದು, ಅಷ್ಟೇ. ಬಟವಾಡಿಯಲ್ಲಿ ಆ ಕಾಲಕ್ಕೆ ಹೆಸರಿಟ್ಟುಕೊಂಡ ಅರ್ಧ ಮಕ್ಕಳ ನಾಮಕರಣದ ಚಟ್ನಿ ನಮ್ಮ ಚಿಕ್ಕಮ್ಮನದು.

ಅಂಥ ಹೊತ್ತಿನಲ್ಲಿ ಬೆಂಗಳೂರಿನ ಒಬ್ಬ ಲೇಡಿ ಡಾಕ್ಟರು, ಬೊಂಬಾಯಿಯಲ್ಲಿ ಈಗ ಪ್ರಣಾಳ ಶಿಶು ಮಾಡುತ್ತಾರೆ, ಒಂದು ಸಲ ನೋಡಿ ಅಂದರು. ಹನ್ನೆರಡು ದಿನ ದಿನಕ್ಕೊಂದು ಇಂಜೆಕ್ಷನ್ ಇಲ್ಲೇ ತೆಗೆದುಕೊಂಡು, ನಡುವೆ ಅವರಲ್ಲಿ ಸ್ಕ್ಯಾನಿಂಗ್ ಮಾಡಿಸಿಕೊಂಡು, ಆಮೇಲೆ ರೈಲು ಹತ್ತಬೇಕು. ಒಂದು ದಿನ ತಪ್ಪಿದರೂ ಎಲ್ಲ ಹಾಳು, ಮತ್ತೆ ಮೊದಲಿಂದ ಶುರು. ಚಿಕ್ಕಪ್ಪ ಎರಡು ವರ್ಷದ ರಜೆಯನ್ನು ಕೂಡಿಟ್ಟಿದ್ದು ಈ ಒಂದೇ ಸಲಕ್ಕೆ.

ತಯಾರಿ ನೋಡಬೇಕಿತ್ತು ನೀವು! ಬಿಗಿ ಪ್ಯಾಂಟು ಹಾಕಬೇಡಿ ಎಂದು ಡಾಕ್ಟರು ಹೇಳಿದ್ದೇ ತಡ, ಚಿಕ್ಕಪ್ಪ ಪಟ್ಟೆ ಪಟ್ಟೆ ಪೈಜಾಮ ಹೊಲಿಸಿಕೊಂಡು ಕೆಲಸಕ್ಕೆ ಹೋಗತೊಡಗಿದರು. "ಏನ್ಲಾ ರೇಣುಕ, ಹಾಸ್ಗೆಯಿಂದ ಸೀದಾ ಎದ್ ಬಂದ್ಯಾ?" ಅಂತ ಜೊತೆಯವರು ಗೇಲಿ ಮಾಡಿದರೆ, "ಸೆಕೆ ಕಣ್ರಲಾ" ಅನ್ನುತ್ತಿದ್ದರಂತೆ. ಮಾಗಿ ಚಳಿಯ ತಿಂಗಳು ಅದು. ಬೀಡಿ ಬಿಟ್ಟರು, ಬಿಸಿನೀರ ಸ್ನಾನ ಬಿಟ್ಟರು. ಕ್ಲಿನಿಕ್ಕಿನ ನರ್ಸ್ ಹತ್ತಿರ ಚುಚ್ಚಿಸಿಕೊಂಡರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆಂದು ಸೂಜಿ ಹಾಕುವುದನ್ನೂ ಡಾಕ್ಟರ ಹತ್ತಿರ ತಾವೇ ಕಲಿತು ಬಂದರು. ಬಂದು ಬದನೆಕಾಯಿ ಮೇಲೆ ಅಭ್ಯಾಸ. ಕಬ್ಬಿಣವನ್ನು ಕೂದಲೆಳೆಯಷ್ಟು ಲೆಕ್ಕದಲ್ಲಿ ಕೊರೆಯುವ ಕೈ ಬದನೆಕಾಯಿಗೆ ಸೂಜಿಯನ್ನು ಬುಡದವರೆಗೂ ಇಳಿಸಿಬಿಡುತ್ತಿತ್ತು. ಚಿಕ್ಕಮ್ಮ ಪಕ್ಕದಲ್ಲಿ ಕೂತು, "ಅಯ್ಯೋ, ಅದುಕ್ ನೋವಾಯ್ತದೆ, ನಿಧಾನ!" ಅನ್ನುವಳು. ಒಂದು ವಾರ ಮೂರು ಹೊತ್ತೂ ಬದನೆಕಾಯಿ ಎಣ್ಣೆಗಾಯಿ. ಇವತ್ತಿಗೂ ನಾನು ಅದನ್ನು ಮುಟ್ಟುವುದಿಲ್ಲ.

ತೊಂದರೆ ಬಂದದ್ದು ಫ್ರಿಜ್‌ನಿಂದ. ಇಂಜೆಕ್ಷನ್ ತಣ್ಣಗಿರಬೇಕು. ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ಫ್ರಿಜ್, ಅದು ಮನೆ ಓನರ್ ನರಸಮ್ಮಜ್ಜಿಯದು. ಅಜ್ಜಿಯ ಬಾಯಿ ಹೇಗೆಂದರೆ, ಅವರ ಕಿವಿಗೆ ಬಿದ್ದ ಸುದ್ದಿ ಕ್ಯಾತ್ಸಂದ್ರ ಮುಟ್ಟಲು ಸಿಟಿ ಬಸ್ಸೂ ಬೇಕಾಗಿರಲಿಲ್ಲ. ಅದಕ್ಕೇ ಚಿಕ್ಕಮ್ಮ ಪೆಟ್ಟಿಗೆ ಹಿಡಿದು ಹೋದವಳು ಒಂದು ಸುಳ್ಳು ಹೇಳಿದಳು.

"ನರಸಮ್ಮೋರೇ, ಕುಣಿಗಲ್ನಲ್ಲಿ ನಮ್ಮಪ್ಪನ ಮನೆ ಹಸ ಗಬ್ಬ ಕಟ್ತಾ ಇಲ್ಲ. ಅದುಕ್ಕೆ ತರ್ಸಿರೋ ಇಂಜೆಕ್ಷನ್ನು. ದಿನಕ್ಕೊಂದು ಬಸ್ನಲ್ಲಿ ಕಳ್ಸಬೇಕು. ಒಸಿ ಇಟ್ಕೊಂಡಿರಿ."

"ಇಡವ್ವ, ಅದುಕ್ಕೇನು. ಹಾಲಿನ್ ಪಕ್ಕಾನೇ ಇಡು" ಎಂದರು ಅಜ್ಜಿ. ಚಿಕ್ಕಮ್ಮ ಗೆದ್ದೆ ಅಂದುಕೊಂಡು ಬಂದಳು. ಅಜ್ಜಿಯ ಹಿತ್ತಲಲ್ಲಿ ಕೆಂಪಿ ಎಂಬ ಹಸು ಎರಡು ವರ್ಷದಿಂದ ಗಬ್ಬವಾಗದೆ ನಿಂತಿದ್ದನ್ನು ಪಾಪ, ಮರೆತಿದ್ದಳು.

ಹತ್ತನೇ ದಿನ ಸಂಜೆ ಚಿಕ್ಕಪ್ಪ ಅಜ್ಜಿಯ ಫ್ರಿಜ್‌ನಿಂದ ಪೆಟ್ಟಿಗೆ ತಂದು ತೆಗೆದರೆ ಮೂರು ಇರಬೇಕಾದ ಕಡೆ ಎರಡೇ ಇದ್ದವು. ಮಂಚದ ಕೆಳಗೆ, ಕೈಚೀಲದಲ್ಲಿ, ನನ್ನ ಫಿಸಿಕ್ಸ್ ಪುಸ್ತಕದಲ್ಲೂ ಹುಡುಕಿದೆವು. ಕೊನೆಗೆ ಮೂವರೂ ನರಸಮ್ಮಜ್ಜಿಯ ಬಾಗಿಲಿಗೆ ಹೋದೆವು. ಅಜ್ಜಿ ಹಿಂಡಿ ಕಲಸುತ್ತಾ ತಲೆಯೆತ್ತಿ, ಹೆಮ್ಮೆಯಿಂದಲೇ ಹೇಳಿದರು.

"ಒಂದ್ ತಗಂಡೆ ಕಣವ್ವ. ದನದ ಆಸ್ಪತ್ರೆ ಹಳೇ ಕಾಂಪೌಂಡರ್ ಬಂದಿದ್ನಲ್ಲ, ಕೆಂಪಿಗೆ ಚುಚ್ಚಿಸ್ಬುಟ್ಟೆ. ಅವುನ್ಗೆ ಕಣ್ಣೂ ಸರ್ಯಾಗ್ ಕಾಣಲ್ಲ, ಆದ್ರೂ ಕೈಗುಣ ಐತೆ. ನಿಮ್ಮಪ್ಪನ್ ಮನೇದೂ ಹಸ, ನಂದೂ ಹಸ. ವಾಪಸ್ ತರ್ಸ್ ಕೊಡ್ತೀನಿ ಬುಡು!"

ಚಿಕ್ಕಪ್ಪ ಅಲ್ಲೇ ಮೆಟ್ಟಿಲ ಮೇಲೆ ಕೂತು ಉಳಿದ ಎರಡನ್ನೇ ಮತ್ತೆ ಎಣಿಸತೊಡಗಿದರು. ಚಿಕ್ಕಮ್ಮ ಅಳುತ್ತಾಳೆ ಎಂದು ನಾನು ಅವಳ ಕೈ ಹಿಡಿದುಕೊಂಡೆ. ಅವಳು ನಗಲು ಶುರು ಮಾಡಿದಳು. ಸೆರಗು ಬಾಯಿಗಿಟ್ಟುಕೊಂಡರೂ ತಡೆಯಲಾಗದೆ, ಕಣ್ಣಲ್ಲಿ ನೀರು ಸುರಿಸುತ್ತಾ, "ನರಸಮ್ಮೋರೇ, ಅದು ಹಸೂಗಲ್ಲ... ನಂಗೆ" ಅಂದಳು.

ಅಜ್ಜಿಯ ಕೈಯಿಂದ ಹಿಂಡಿ ಉಂಡೆ ಬಿತ್ತು. ಆಮೇಲೆ ಅಜ್ಜಿ ಹಿಂಡಿ ಮೆತ್ತಿದ ಕೈಯಲ್ಲೇ ಎರಡೂ ಕೆನ್ನೆಗೆ ಹೊಡೆದುಕೊಂಡರು. "ನಿನ್ ಮನೆ ಕಾಯ್ವೋಗ, ಮೊದ್ಲೇ ಬಾಯ್ ಬುಡಕ್ ಏನಾಗಿತ್ತೇ ನಿಂಗೆ? ನಾನೇನ್ ಹೊರ್ಗ್ನೋಳಾ?"

"ನಿಮ್ ಮೊಮ್ಮಗಳ ನಾಮಕರ್ಣದಲ್ಲಿ ನಂಗೆ ಕಾಯಿ ತುರಿಯಕ್ ಕೊಟ್ರಲ್ಲ" ಎಂದಳು ಚಿಕ್ಕಮ್ಮ. ಅವಳ ನಗು ಇನ್ನೂ ನಿಂತಿರಲಿಲ್ಲ.

ಅಜ್ಜಿ ಒಳಗೆ ಹೋಗಿ ಮುಖ ತೊಳೆದು ಬಂದು, "ನಾಳೆ ಬೆಳಿಗ್ಗೆ ಬೆಂಗ್ಳೂರ್ ರೈಲ್ ಎಷ್ಟೊತ್ಗೆ?" ಎಂದು ಕೇಳಿದರು.

ಚಿಕ್ಕಪ್ಪ ಬೊಂಬಾಯಿಯ ರಜೆಯನ್ನು ಮುಟ್ಟುವಂತಿರಲಿಲ್ಲ. ಅದಕ್ಕೆ ಬೆಂಗಳೂರಿಗೆ ಹೊರಟದ್ದು ಅಜ್ಜಿ, ನಾನು ಮತ್ತು ಒಂದು ಥರ್ಮಾಸ್ ಫ್ಲಾಸ್ಕು. ಡಾಕ್ಟರು ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಬಹಳ ಗಂಭೀರವಾಗಿ, "ಹಸು ಹೇಗಿದೆ?" ಎಂದರು. "ಚೆನ್ನಾಗೈತೆ ಕಣವ್ವ, ಮೇವ್ ತಿಂತಾ ಐತೆ" ಎಂದರು ಅಜ್ಜಿ, ಅಷ್ಟೇ ಗಂಭೀರವಾಗಿ. ಡಾಕ್ಟರಿಗೆ ಅಲ್ಲಿಗೆ ತಡೆಯಲಾಗಲಿಲ್ಲ. ನಕ್ಕು ನಕ್ಕು ಕೆಮ್ಮು ಬಂದು, ಇನ್ನೊಬ್ಬರಿಗೆಂದು ತರಿಸಿಟ್ಟಿದ್ದರಲ್ಲಿ ಒಂದನ್ನು ಕೊಟ್ಟರು.

ವಾಪಸ್ಸು ಬರುವಾಗ ಫ್ಲಾಸ್ಕಿನ ತುಂಬ ಐಸ್ ಕ್ಯಾಂಡಿಯವನ ಹತ್ತಿರ ಇಸಿದುಕೊಂಡ ಐಸು, ನಡುವೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಇಂಜೆಕ್ಷನ್. ಯಾರಿಗೂ ಹೇಳಬೇಡಿ ಎಂದು ಚಿಕ್ಕಮ್ಮ ಕೈ ಮುಗಿದಿದ್ದಳು. ಅಜ್ಜಿ ಎರಡು ಸ್ಟೇಷನ್‌ವರೆಗೆ ತಡೆದುಕೊಂಡರು, ಸುಳ್ಳು ಹೇಳಬಾರದು. ಎದುರಿಗೆ ಕೂತ ಹೆಂಗಸು, "ಕಾಫಿ ಐತೇನವ್ವ ಅದ್ರಲ್ಲಿ?" ಅಂದದ್ದೇ ತಪ್ಪಾಯಿತು. "ಕಾಫಿ ಅಲ್ಲ, ಮಗ ಐತೆ!" ಎಂದುಬಿಟ್ಟರು. ಅಲ್ಲಿಂದ ಮುಂದೆ ಫ್ಲಾಸ್ಕು ತೊಡೆಯಿಂದ ತೊಡೆಗೆ ಹೋಯಿತು. "ಅಲ್ಲಾಡಿಸ್ಬ್ಯಾಡ್ರಪ್ಪೋ!" ಎಂದು ಒಬ್ಬ ಮುದುಕ ನಿಂತವರನ್ನೆಲ್ಲ ಗದರಿದ. ಕ್ಯಾತ್ಸಂದ್ರ ಬರುವಷ್ಟರಲ್ಲಿ ಇಡೀ ಬೋಗಿ ನಮ್ಮ ಚಿಕ್ಕಮ್ಮನ ತವರುಮನೆಯಾಗಿತ್ತು. ಯಾರೋ ಫ್ಲಾಸ್ಕಿಗೆ ಕುಂಕುಮ ಹಚ್ಚಿದ್ದರು.

ಹನ್ನೆರಡನೇ ಸೂಜಿಯೂ ಆಯಿತು. ಬೊಂಬಾಯಿಗೆ ಹೊರಟ ದಿನ ನರಸಮ್ಮಜ್ಜಿ ಬೀದಿ ಹೆಂಗಸರನ್ನೆಲ್ಲ ಕರೆದು, ಎಲ್ಲರಿಗಿಂತ ಮೊದಲು ಚಿಕ್ಕಮ್ಮನಿಗೆ ಅರಿಶಿನ ಕುಂಕುಮ ಕೊಟ್ಟು ಮಡಿಲು ತುಂಬಿದರು. ಆ ದಿನ ಕಾಯಿ ತುರಿದದ್ದು ಸ್ವತಃ ಅಜ್ಜಿ.

ಅವರು ವಾಪಸ್ಸು ಬಂದ ಮೇಲೆ ಒಂದು ಬೆಳಿಗ್ಗೆ ಚಿಕ್ಕಮ್ಮ ಸ್ಟೌ ಪಂಪು ಮಾಡುತ್ತಾ, ನನ್ನ ಕಡೆ ತಿರುಗದೆ, "ಆಗ್ಲಿಲ್ಲ ಕಣೇ" ಎಂದಳು. ಚಿಕ್ಕಪ್ಪ ಪೈಜಾಮ ಮಡಿಸಿಟ್ಟು ಪ್ಯಾಂಟು ಹಾಕಿಕೊಂಡು ಕೆಲಸಕ್ಕೆ ಹೋದರು. ಅಷ್ಟೇ. ಕೆಲವು ವರ್ಷದ ಮೇಲೆ ಇನ್ನೊಂದು ಸಲವೂ ಹೋದರು, ಆಗಲೂ ಆಗಲಿಲ್ಲ.

ಆದರೆ ಕೆಂಪಿಗೆ ಆಯಿತು! ಆ ಇಂಜೆಕ್ಷನ್ನಿಗೂ ಇದಕ್ಕೂ ಏನೂ ಸಂಬಂಧವಿಲ್ಲ ಎಂದು ದನದ ಡಾಕ್ಟರು ಎಷ್ಟು ಹೇಳಿದರೂ ಅಜ್ಜಿ ಕೇಳಲಿಲ್ಲ. ತಾನು ಚಿಕ್ಕಮ್ಮನ ಪಾಲನ್ನು ಕದ್ದು ಹಸುವಿಗೆ ಕೊಟ್ಟೆ ಎಂದೇ ಅವರ ನಂಬಿಕೆ. ಕೆಂಪಿಯ ಹೊಟ್ಟೆ ದಪ್ಪವಾದಂತೆ ಅದರ ಮೇಲೆ ಗೋಣಿಚೀಲ ಹೊದಿಸಿದರು. ಹಿತ್ತಲಿಗೆ ತೆಂಗಿನ ಗರಿಯ ತಡಿಕೆ ಕಟ್ಟಿದರು. ಕರು ಹಾಕುವ ಹೊತ್ತಿಗೆ ಚಿಕ್ಕಮ್ಮನನ್ನು ನೋಡಿದರೆ ಕಳ್ಳಿಯ ಹಾಗೆ ಒಳಗೆ ಓಡುತ್ತಿದ್ದರು. ನಮ್ಮ ಮನೆಯಲ್ಲಿ ಯಾರೂ ತಿಂಗಳು ಎಣಿಸಲಿಲ್ಲ. ಆಗಿದ್ದಿದ್ದರೆ ಇಬ್ಬರಿಗೂ ಹೆರಿಗೆ ಅದೇ ತಿಂಗಳು.

ಕರು ಹುಟ್ಟಿದ ಮೂರನೇ ದಿನ ಬೀದಿಗೆಲ್ಲ ಗಿಣ್ಣು ಹಂಚಿದರು. ನಮ್ಮ ಮನೆ ಬಾಗಿಲನ್ನು ಮಾತ್ರ ದಾಟಿಕೊಂಡು ಹೋದರು. ಚಿಕ್ಕಮ್ಮ ಪಾತ್ರೆ ತಗೊಂಡು ಸೀದಾ ಅವರ ಮನೆಗೆ ನಡೆದಳು. ನಾನು ಹೆದರಿ ಹಿಂದೆ ಓಡಿದೆ.

"ನಮ್ ಮನೇದೆಲ್ಲಿ ನರಸಮ್ಮೋರೇ ಗಿಣ್ಣು?"

ಅಜ್ಜಿ ನೆಲ ನೋಡುತ್ತಾ, "ಹೆಂಗ್ ಕೊಡ್ಲವ್ವಾ ನಿಂಗೆ" ಅಂದರು.

"ಹೆಂಗೆ ಅಂದ್ರೆ? ಬೆಲ್ಲ ಜಾಸ್ತಿ ಹಾಕ್ಕೊಡಿ. ಇಬ್ರು ಪರೀಕ್ಷೆ ಕಟ್ಟಿದ್ವಿ, ಒಬ್ಳಾದ್ರೂ ಪಾಸಾದ್ಲಲ್ಲ!"

ಆಮೇಲೆ ತಡಿಕೆ ಸರಿಸಿ, ತಾನೇ ಹೋಗಿ ಕರುವಿನ ಹಣೆಗೆ ಕುಂಕುಮ ಇಟ್ಟು ಬಂದಳು. ಇನ್ನೊಬ್ಬರ ಬಸಿರಿನ ಸುದ್ದಿ ಕೇಳುವುದಕ್ಕಿಂತ ಅದನ್ನು ತನ್ನಿಂದ ಮುಚ್ಚಿಡುವುದೇ ಅವಳಿಗೆ ಹೆಚ್ಚು ನೋಯುತ್ತದೆ ಎಂದು ಹದಿನಾರು ವರ್ಷದ ನನಗೆ ಆವತ್ತೇ ತಿಳಿದಿತ್ತು. ಐವತ್ತು ದಾಟಿದ ಮೇಲೆ ಮರೆತೇ ಹೋಗಿತ್ತು ನೋಡಿ, ನಾನೂ ಗೋಣಿಚೀಲ ಹೊದಿಸಲು ಹೊರಟಿದ್ದೆ.

ಹುಣಸೆಹಣ್ಣು, ದೋಸೆ ಹಿಟ್ಟು ಎರಡನ್ನೂ ಸರಿಸಿ ಪೆಟ್ಟಿಗೆಯನ್ನು ಮುಂದಕ್ಕೆ, ಹಾಲಿನ ಪಕ್ಕಕ್ಕೇ ಇಟ್ಟೆ.

ಊಟದ ನಡುವೆ ಚಿಕ್ಕಮ್ಮ ಮಜ್ಜಿಗೆ ತರುತ್ತೇನೆಂದು ಎದ್ದು ಹೋಗಿ ಫ್ರಿಜ್ ತೆಗೆದಳು. ಮಜ್ಜಿಗೆ ಬರಲಿಲ್ಲ. ಹೋಗಿ ನೋಡಿದರೆ ಪೆಟ್ಟಿಗೆಯ ಮುಚ್ಚಳ ತೆಗೆದು, ಕನ್ನಡಕ ಮೇಲೇರಿಸಿ, ಬೆರಳಿಟ್ಟು ಒಂದೊಂದೇ ಎಣಿಸುತ್ತಿದ್ದಾಳೆ. ಹತ್ತು ಗೂಡುಗಳಲ್ಲಿ ಒಂದು ಖಾಲಿಯಿತ್ತು.

"ಒಂದ್ ಕಮ್ಮಿ ಐತಲ್ಲೇ" ಎಂದಳು, ನನ್ನನ್ನು ಓರೆಗಣ್ಣಲ್ಲಿ ನೋಡುತ್ತಾ. "ಯಾವ್ ಹಸೂಗ್ ಕೊಟ್ಟೆ?"

ಊಟದ ಮೇಜಿನಿಂದ ಮಗಳು ಕೂಗಿದಳು: "ನಂಗೇ ಕಣಜ್ಜಿ! ಬೆಳಿಗ್ಗೆ!"