ಉಡಚಪ್ಪ ಆರಿಸಿದ ದುರ್ಬೀನು

ದುಂಡಸಿ ಉಡಚಪ್ಪ ಅಂದ್ರ ಸುತ್ತ ಏಳು ಹಳ್ಳಿಗೆ ಗೊತ್ತು. ಕಾಡಹಂದೀಗಂತ ಎರಡು ಗುಂಡು ಕೊಟ್ರ, ಒಂದರಾಗ ಕೆಡವಿ ಇನ್ನೊಂದನ್ನ ತಿರುಗಿ ಕೊಡೂವಂಥ ಮನಿಶಾ. ರೈಫಲ್ಲು ಕುಬೇರಪ್ಪ ಗೌಡ್ರದು, ಹೆಗಲು ಇವಂದು. ಗೌಡ್ರ ಶೇಂಗಾ ಹೊಲ ಹಂದಿ ಬಾಯಿಂದ ಉಳಿಸಿದ್ದಕ್ಕ ವರ್ಷದ ಜ್ವಾಳ, ಇರಾಕೊಂದು ಮನಿ. ರೈಫಲ್ಲು ಕೈ ಬಿಟ್ರ ಎರಡೂ ಹೋದವು ಅಂತನ ಲೆಕ್ಕ. ಅದಕ್ಕ ೧೯೩೮ರ ಸುಮಾರಿಗೆ ಕಣ್ಣಿಗೆ ಮಬ್ಬು ಬಂದಾಗ ಆಸಾಮಿ ತುಟಿ ಬಿಚ್ಚಲಿಲ್ಲ. ಹೆಂಡ್ತಿ ಗುತ್ತೆವ್ವನ ಮುಂದೂ ಹೇಳಲಿಲ್ಲ. ಮುದುಕನ ಹಟ, ಏನ್ ಮಾಡ್ತೀರಿ.

ರೈಫಲ್ಲಿನ ಮ್ಯಾಲ ಕುಂಡ್ರಿಸೂ ದುರ್ಬೀನು ಬರತಾವಂತ ಎಲ್ಲೋ ಕೇಳಿದ್ದ. ಮೆಲ್ಲಕ ಗೌಡ್ರ ತಲ್ಯಾಗ ಹುಳ ಬಿಟ್ಟ. ಗೌಡ್ರು, "ತಗೊಂಡು ಬಾ ಹೋಗು. ಅಗ್ಗ ಇರಬೇಕು, ಬಾಳಿಕೀನೂ ಬರಬೇಕು" ಅಂದ್ರು.

ಸವಣೂರಾಗ ಬಂದೂಕು ರಿಪೇರಿ ಮಾಡೂ ಮಜೀದ ಎರಡು ದುರ್ಬೀನು ಮುಂದಿಟ್ಟ. ಉಡಚಪ್ಪ ಒಂದೊಂದನ್ನೂ ಅಂಗೈಲೆ ತಟ್ಟಿ, ಒಳಗಿನ ಗುರಿ ಹಿಡಿಯೂ ಕರೀ ಗೆರಿ ಅಲಗತಾವೇನಂತ ನೋಡಿದ. ಎರಡೂ ಗಟ್ಟಿ ಇದ್ದವು.

"ಈ ಅಗಲ ಕಣ್ಣಿಂದು ಒಂದೀಟು ತುಟ್ಟಿ. ಆದ್ರ ಹೊತ್ತು ಮುಳುಗೂ ಮುಂದೂ ಬೆಳಕು ಹಿಡೀತೈತಿ. ಕಣ್ಣು ಸೋತವ್ರಿಗೆ ಚಲೋ. ಈ ಸಣ್ಣದು ಅಗ್ಗ, ಕಣ್ಣು ಚುರುಕಿದ್ದವ್ರಿಗೆ ಸಾಕು" ಅಂದ ಮಜೀದ.

"ನನ್ನ ಕಣ್ಣಿಗೇನಾಗೇತೋ?" ಅಂದು ಉಡಚಪ್ಪ ಸಣ್ಣದನ್ನ ಎತ್ತಿಕೊಂಡ. ಹೇಳ್ರಿ, ಬೇಕಾದ್ದು ಕೈಯಾಗ ಇತ್ತು, ಸೊಕ್ಕು ಬಿಡಲಿಲ್ಲ.

ಅರ್ಧ ಹೊಲದ ಶೇಂಗಾ ಕಿತ್ತಿದ್ರು, ಅರ್ಧ ಇನ್ನೂ ನೆಲದಾಗಿತ್ತು. ಮೊದಲನೇ ಸಂಜಿ ಹೊಲ ಕಾಯೂ ಅಟ್ಟದ ಮ್ಯಾಲಿಂದ ನೋಡಿದ್ರ, ಕಿತ್ತ ಹೊಲದಾಗ ಕರೀ ಹಂದಿ ಮಣ್ಣು ಕೆದರಾಕತ್ತಿತ್ತು. ಗುರಿ ಹಿಡಿಯೂದ್ರಾಗ ಅದು ಎರಡು ಕಾಲ ಮ್ಯಾಲ ಎದ್ದು ನಿಂತು ಮಬ್ಬಿನ್ಯಾಗ ಕರಗಿತು. ಮರುದಿನ ಸಂಜಿ ಅದ ಹಂದಿ, ಕೆದರೂದು ಬಿಟ್ಟು, ಮುಂಗಾಲು ಎತ್ತಿ ಹಣಿ ಒರಿಸಿಕೊಂಡಿತು. ಹಂದಿ ಹಣಿ ಒರಿಸಿಕೊಂತೈತೇನು? ದುರ್ಬೀನು ಸರಿಸಿ ನೋಡೋಣಂದ್ರ ಬರಿಗಣ್ಣಿಗೆ ಹೊಲನ ಕಾಣೂದಿಲ್ಲ. ಯಾರನ್ನರ ಕೇಳೋಣಂದ್ರ ಕಣ್ಣಿನ ಗುಟ್ಟು ರಟ್ಟು. ಅಂಜಿಕಿ ನುಂಗಿಕೊಂಡು ಕುಂತ.

ಮೂರನೇ ಸಂಜಿ ಗೌಡ್ರು ತಾವ ಬಂದು ಅಟ್ಟ ಹತ್ತಿದ್ರು. "ಎರಡು ದಿನ ಬರಿಗೈಲೆ ಬಂದೀಯಲ್ಲ, ಏನ್ ಕತಿ ನಿಂದು?" ಅನ್ನೂದ್ರಾಗ ಅಗದೀ ಅದ ಜಾಗಾದಾಗ ಕರಿದೊಂದು ಅಲಗಿತು. "ಹೊಡಿ" ಅಂದ್ರು.

ಹೊತ್ತು ಮುಳುಗಿದ ಮ್ಯಾಲ ಗುಂಡು ಹಾರಿಸೂ ಮೊದ್ಲು ಮೂರು ಸಲ 'ಹೋ' ಅಂತ ಕೂಗೂದು ಇಲ್ಲಿ ಬ್ಯಾಟಿಗಾರರ ಪದ್ಧತಿ. ಹೊಲದಾಗ ಇದ್ದವ್ರೂ ಮೂರನೇ ಕೂಗಿಗೆ ಓಗೊಡತಾರ. ಒಂದೆರಡು ಕೂಗು ದೆವ್ವನೂ ಕೂಗತೈತಿ, ಮೂರನೇದಕ್ಕ ಅದಕ್ಕ ಉಸಿರು ಸಾಲೂದಿಲ್ಲ ಅಂತಾರ.

"ಹೋ" ಅಂದ ಉಡಚಪ್ಪ. ಹಂದಿ ಆಗಿದ್ರ ಓಡಬೇಕಿತ್ತು. ಇದು ಇನ್ನೂ ಬಗ್ಗಿತು.

"ಹೋ." ಈ ಸಲ ಅಲಗಾಡಲೇ ಇಲ್ಲ, ನೆಲಕ್ಕ ಹತ್ತಿಕೊಂಡು ಬಿಡ್ತು.

"ಹೊಡಿಯೋ, ಹೋಗಿಬಿಡತೈತಿ" ಅಂತ ಗೌಡ್ರು ಪಿಸುಗುಟ್ಟಿದ್ರು.

"ಗೌಡ್ರ, ನನಗ ಕಣ್ಣು ಕಾಣೂದಿಲ್ಲರಿ" ಅಂದ ಉಡಚಪ್ಪ. "ಎರಡು ವರ್ಷಾತು. ಅದು ಏನಂತ ನನಗ ತಿಳೀವಲ್ದು. ನಾ ಹೊಡಿಯೂದಿಲ್ಲ."

ಗೌಡ್ರು ರೈಫಲ್ಲು ಇಸಗೊಂಡ್ರು. ಮೂವತ್ತು ವರ್ಷದ ಭಾರ ಉಡಚಪ್ಪನ ಹೆಗಲಿನಿಂದ ಇಳೀತು. ಗೌಡ್ರು ರೈಫಲ್ಲು ಹೆಗಲಿಗೆ ಏರಿಸೂದ್ರಾಗ ಉಡಚಪ್ಪ ಇದ್ದಷ್ಟು ಉಸಿರು ಕೂಡಿಸಿ ಮೂರನೇ ಸಲ ಕೂಗಿದ.

"ಓ... ನಾನರಿ" ಅಂತ ಹೊಲದಾಗಿಂದ ಹೆಣ್ಣು ದನಿ ಬಂತು. ಕರೀ ಕಂಬಳಿ ಎದ್ದು ನಿಂತು ಗುತ್ತೆವ್ವ ಆತು.

ಉಡಿ ತುಂಬ ಹಕ್ಕಲ ಶೇಂಗಾ, ಅಂದ್ರ ಕಿತ್ತಾದ ಮ್ಯಾಲ ನೆಲದಾಗ ಉಳದ ಕಾಯಿ, ಆರಿಸಿಕೊಂಡಿದ್ಲು. ಗೌಡ್ರು ರೈಫಲ್ಲು ಹೊತ್ತು ಮನೀ ಕಡೆ ಹ್ವಾದ್ರು. ಉಡಚಪ್ಪ ಅಟ್ಟ ಇಳದು ಹೋಗಿ ಅಕೀ ಕೈ ಬಿಗಿಯಾಗಿ ಹಿಡದು ನಿಂತ.

"ನಿಮ್ಮ ಕಣ್ಣಿಂದು ನನಗ ಎರಡು ವರ್ಷದಿಂದನ ಗೊತ್ತೈತಿ" ಅಂದ್ಲು ಅಕಿ. "ನಿಮ್ಮ ಊಟದ ಗಂಗಾಳದಾಗಿನ ಹರಳು ಯಾರು ತಗೀತಿದ್ರು ಅಂತ ತಿಳದೀರಿ? ರೈಫಲ್ಲು ಹೋದ ದಿನಕ್ಕ ನಾಲ್ಕು ಕಾಳು ಇರಲಿ ಅಂತ ಹಕ್ಕಲಕ್ಕ ಬಂದೆ. ನಿಮಗ ಹ್ಯಾಂಗೂ ಕಾಣೂದಿಲ್ಲಂತ ಧೈರ್ಯದಲೆ ಬಂದೆ."

"ಒಂದನೇ ಕೂಗಿಗೆ ಎದ್ದು ಓಡಬಾರದಾಗಿತ್ತೇನು?"

"ಏಳಾಕ ಹೊಂಟಿದ್ದೆ. ನೀವ ಬ್ಯಾಡ ಅಂದ್ರೆಲ್ಲ. ಮೊದಲಿನ ಎರಡೂ ಕೂಗಿನ ಬೆನ್ನಿಗೆ, ಕಿವಿ ಹಂತ್ಯಾಕ ಬಂದು ಹೇಳಿದಂಗ ಹೇಳಿದ್ರಿ, 'ಗುತ್ತೆವ್ವಾ, ಏಳಬ್ಯಾಡ, ಇನ್ನೂ ಬಗ್ಗು' ಅಂತ."

ಉಡಚಪ್ಪ ಅಟ್ಟದ ಮ್ಯಾಲಿಂದ 'ಹೋ' ಅಂದಿದ್ದು ಬಿಟ್ರ ಮತ್ತೇನೂ ಅಂದಿದ್ದಿಲ್ಲ. ಲಗ್ನ ಆದಾಗಿನಿಂದ ಹೆಂಡ್ತೀನ ಹೆಸರು ಹಿಡದು ಒಮ್ಮೆನೂ ಕರದವನಲ್ಲ.