ಬಾವಿಗೆ ಹಾಕುವ ಜವಾಬ್ದಾರಿ

ಆಫೀಸಿನಲ್ಲಿ ಅವಳ ಅಡ್ಡಹೆಸರು ಬೇಡಮ್ಮ. ಯಾವ ಹೊಸ ಸಾಫ್ಟ್‌ವೇರ್ ಬಂದರೂ ಅವಳ ಬಾಯಿಂದ ಮೊದಲು ಬರುವುದು ‘ಬೇಡ’ ಎಂದು ಕಿರಿಯರು ಇಟ್ಟ ಹೆಸರು. ಪಾರ್ಸೆಲ್ ಕಂಪನಿಯೊಂದರಲ್ಲಿ ಪ್ರೋಗ್ರಾಮರ್ ಅವಳು. ಪೆಟ್ಟಿಗೆಗಳ ಮೇಲೆ ಅಂಟಿಸುವ ವಿಳಾಸದ ಚೀಟಿ ಸರಿಯಾಗಿ ಮುದ್ರಣವಾಗುವಂತೆ ನೋಡಿಕೊಳ್ಳುವುದು ಅವಳ ಕೆಲಸ. ಹೊಸದನ್ನು ಕಂಡರಾಗದವಳೇನಲ್ಲ. ಹಳೆಯ ಪ್ರೋಗ್ರಾಮನ್ನು ಕಿತ್ತೆಸೆದು ಹೊಸದು ಬರೆದವಳೇ ಅವಳು. ಆದರೆ ಉಪಕರಣ ಅಂದರೆ ಹೇಳಿದ ಕೆಲಸ ಮಾಡಿ ತೆಪ್ಪಗಿರಬೇಕು ಎಂಬುದು ಅವಳ ಮತ. ಈಗಿನವು ತೆರೆದ ಕೂಡಲೇ ‘ನನ್ನಲ್ಲಿ ಏನೇನು ಹೊಸತು ನೋಡಿ’ ಎಂದು ಸೆರಗು ಹಿಡಿದು ಜಗ್ಗುತ್ತವೆ.

ಮನೆಯಲ್ಲೂ ಅದೇ ಗೋಳು. ಗಂಡ ಮಾತಿಗೆ ಹೊತ್ತಿಕೊಳ್ಳುವ ದೀಪ ತಂದು ಬಚ್ಚಲುಮನೆಗೆ ಹಾಕಿಸಿದ. ಅತ್ತೆ ಎಷ್ಟು ಕೂಗಿದರೂ ಅದು ಜಪ್ಪಯ್ಯ ಅನ್ನಲಿಲ್ಲ.

“ಬೆಳಕು ಕೊಡಪ್ಪಾ, ನಿನ್ನ ದಮ್ಮಯ್ಯ,” ಎಂದು ಅತ್ತೆ ಕತ್ತಲಲ್ಲಿ ನಿಂತು ಬೇಡಿಕೊಳ್ಳುವುದು ಕೇಳಿ ಅವಳು ಸ್ಕ್ರೂಡ್ರೈವರ್ ಹುಡುಕಿದಳು.

“ಅಮ್ಮ ಸ್ವಲ್ಪ ಬಿಡಿಸಿ ಹೇಳ್ಬೇಕು, ಅಷ್ಟೆ,” ಎಂದ ಗಂಡ.

“ಇಷ್ಟು ವರ್ಷ ಅವ್ರು ಬೈದಿದ್ದು ನಿಮಗೆ ಬಿಡಿಸಿ ಹೇಳದೇನೇ ಅರ್ಥ ಆಗ್ತಿತ್ತಲ್ಲ?”

ಅಂದೇ ಹಳೆಯ ಸ್ವಿಚ್ಚು ಗೋಡೆಗೆ ಮರಳಿತು. ಗಂಡ ಮುಖ ಊದಿಸಿಕೊಂಡ.

ಆ ಸಿಟ್ಟು ಆರುವ ಮೊದಲೇ ಆಫೀಸಿಗೆ ಅಂಥದೇ ಇನ್ನೊಂದು ಉಪಕರಣ ಬಂತು. ಗೋದಾಮಿನಲ್ಲಿ ಚೀಟಿಗಳು ಓರೆಯಾಗಿ ಮುದ್ರಣವಾಗಿ ಪಿನ್‌ಕೋಡಿನ ಕೊನೆಯ ಅಂಕಿಯೇ ಕಾಣುತ್ತಿರಲಿಲ್ಲ. ಅದಕ್ಕಾಗಿ ಕರೆದ ಮೀಟಿಂಗಿನಲ್ಲಿ ಮ್ಯಾನೇಜರು ಮೊದಲು ಗೋಡೆಯ ಪರದೆಯ ಮೇಲೆ ಹೊಸ ಸಾಫ್ಟ್‌ವೇರ್ ತೆರೆದರು.

“ಇನ್ಮೇಲೆ ಯಾರೂ ಏನೂ ಬರ್ಕೋಬೇಡಿ. ನಾವು ಮಾತಾಡಿದ್ದನ್ನ ನಮ್ಮ ಫೋನುಗಳಿಂದ ಇದೇ ಕೇಳಿಸ್ಕೊಂಡು, ಯಾರು ಏನು ಮಾಡ್ಬೇಕು ಅಂತ ಎಲ್ಲರಿಗೂ ಕಳಿಸುತ್ತೆ.”

ಅದರ ಗುಣಗಾನದಲ್ಲೇ ಅರ್ಧ ಮೀಟಿಂಗು ಮುಗಿಯಿತು. ಅವಳು ಪಕ್ಕದಲ್ಲಿದ್ದ ಲೆಕ್ಕಪತ್ರ ವಿಭಾಗದ ಗೆಳತಿಯ ಕಿವಿಯಲ್ಲಿ, “ಮೂಗಿಗಿಂತ ಮೂಗುತಿ ಭಾರ. ಇದನ್ನ ಕಟ್ಟಿ ಬಾವಿಗೆ ಹಾಕ್ಬೇಕು,” ಎಂದಳು.

ಊಟ ಮುಗಿಸಿ ಬರುವಷ್ಟರಲ್ಲಿ ಮೀಟಿಂಗಿನ ಸಾರಾಂಶ ಎಲ್ಲರಿಗೂ ತಲುಪಿತ್ತು, ಕಂಪನಿಯ ಮಾಲೀಕರಿಗೂ. ‘ಮೂಗುತಿ ಭಾರವಾಗಿದೆ, ತೂಕ ಪರಿಶೀಲಿಸಬೇಕು. ಬಾವಿಗೆ ಹಾಕಲು ತೀರ್ಮಾನವಾಗಿದೆ.’ ಅದರ ಮುಂದೆ, ಜವಾಬ್ದಾರಿ ಎಂದು ಅವಳ ಹೆಸರು.

ಮ್ಯಾನೇಜರು ಕೋಣೆಗೆ ಕರೆಸಿದರು. “ಏನಮ್ಮಾ ಇದು? ನಮ್ಮ ಗೋದಾಮಲ್ಲಿ ಬಾವಿ ಎಲ್ಲಿದೆ ಅಂತ ಮಾಲೀಕರು ಕೇಳ್ತಿದ್ದಾರೆ!”

“ಬಾವಿ ಹಾಳಾಗ್ಲಿ ಸರ್. ಚೀಟಿ ವಿಷಯ ಅಷ್ಟೆಲ್ಲ ಮಾತಾಡಿದ್ವಲ್ಲ, ಅದೆಲ್ಲಿದೆ ಇದರಲ್ಲಿ?”

ಅವರು ಮೇಲಿಂದ ಕೆಳಗೆ ಹುಡುಕಿದರು. ಒಂದಕ್ಷರವೂ ಇರಲಿಲ್ಲ.

“ಹೊಸದಲ್ವಾ, ಕಲ್ಕೊಳ್ಳುತ್ತೆ.”

“ನಾನು ಹೊಸಬಳಾಗಿದ್ದಾಗ ಹೀಗೆ ಬರೆದಿದ್ರೆ ಸುಮ್ನಿರ್ತಿದ್ರಾ?”

ಅವರು ಕಂಪ್ಯೂಟರಿನ ಪರದೆಯನ್ನು ಅತ್ತ ತಿರುಗಿಸಿದರು. ಕೊನೆಗೆ ಮಾಲೀಕರಿಗೆ ಕ್ಷಮಾಪಣೆ ಬರೆಯಬೇಕಾದವಳು ಅವಳೇ. ಹಲ್ಲು ಕಚ್ಚಿಕೊಂಡು ಬರೆದಳು.

ಅಂದಿನಿಂದ ಮೀಟಿಂಗಿನಲ್ಲಿ ಎಲ್ಲರ ಬಾಯಿಗೂ ಬೀಗ. ‘ಆಗಲಿ ಸರ್’, ‘ನೋಡೋಣ ಸರ್’ ಬಿಟ್ಟರೆ ಬೇರೆ ಮಾತಿಲ್ಲ. ಅದು ಮುಗಿದ ಮೇಲೆ ಫೋನುಗಳನ್ನು ಮೇಜಿನ ಮೇಲೇ ಬಿಟ್ಟು ಎಲ್ಲರೂ ಮೆಟ್ಟಿಲ ಬಳಿ ಸೇರಿ ನಿಜವಾದ ಮೀಟಿಂಗು ನಡೆಸುತ್ತಿದ್ದರು. ಒಂದು ಕೆಲಸಕ್ಕೆ ಎರಡು ಸಭೆ. ಕೈಕಂಬಿಯ ಮೇಲೆ ಲ್ಯಾಪ್‌ಟಾಪ್ ಆನಿಸಿಕೊಂಡೇ ಅವಳು ಓರೆ ಚೀಟಿಯನ್ನು ನೆಟ್ಟಗೆ ಮಾಡಿದಳು. ಆ ಸುದ್ದಿ ಯಾವ ಸಾರಾಂಶದಲ್ಲೂ ಬರಲಿಲ್ಲ.

ಒಂದು ದಿನ ಮ್ಯಾನೇಜರೇ ಮೆಟ್ಟಿಲಿಗೆ ಬಂದರು. ನೇರ ಅವಳ ಮುಂದೆ ನಿಂತರು.

“ಗಿರಾಕಿಗಳ ಫೋನಿಗೆ ತಾನೇ ಉತ್ತರ ಕೊಡೋ ಸಾಫ್ಟ್‌ವೇರ್ ಬಂದಿದೆಯಂತೆ. ನಿಮ್ಮ ಅಭಿಪ್ರಾಯ ಏನು? ಮುಚ್ಚುಮರೆ ಬೇಡ, ಹೇಳಿ.”

ಇಷ್ಟು ವರ್ಷದಲ್ಲಿ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಅವಳ ಸಿಡಿಮಿಡಿ ಕೊಂಚ ಇಳಿಯಿತು.

“ಮೊದಲು ಒಂದೇ ಗೋದಾಮಲ್ಲಿ ಹಾಕಿ ನೋಡಿ ಸರ್. ಅದಕ್ಕೆ ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನುತ್ತಾ, ಬುರುಡೆ ಬಿಡುತ್ತಾ ನೋಡ್ಬೇಕು. ಪೆಟ್ಟಿಗೆ ಕಳ್ಕೊಂಡವರು ಅಳ್ತಾ ಫೋನ್ ಮಾಡ್ತಾರೆ, ಅವರಿಗೆ ಮನುಷ್ಯರೇ ಸಿಗ್ಬೇಕು. ಬೇಡ ಅನ್ನಿಸಿದ್ರೆ ನಿಲ್ಲಿಸೋದು ಹೇಗೆ ಅಂತಾನೂ ಮೊದಲೇ ಕೇಳಿ.”

ಅವರು ಮಾತುಮಾತಿಗೂ ತಲೆಯಾಡಿಸುತ್ತ ಕೇಳಿದರು. “ಎಷ್ಟು ಸರಿಯಾಗಿ ಹೇಳಿದ್ರಿ! ನಿಮ್ಮನ್ನ ಮೊನ್ನೇನೇ ಕೇಳ್ಬೇಕಿತ್ತು.”

“ಮೊನ್ನೆ ಯಾಕೆ ಸರ್?”

“ನಿನ್ನೆ ಸಹಿ ಹಾಕ್ಬಿಟ್ಟೆ.”

ಗೆಳತಿ ನಗು ತಡೆಯಲಾರದೆ ಗೋಡೆಯತ್ತ ತಿರುಗಿದಳು. ಇವಳು ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿ ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲಿಳಿದು ಹೋದಳು.